ನೆಲ ಬಿಡದ ಆಟ

ಆ ಮನುಷ್ಯನ ಮೇಲೆ ನನಗೆ ಸಿಟ್ಟಿತ್ತು. ಇತ್ತು ಎಂದರೆ ತಪ್ಪಾದೀತು. ಇದನ್ನು ಬರೆಯಲು ಕುಳಿತಿರುವ ಈ ಹೊತ್ತಿಗೂ ಇದೆ. ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ನಾವಿಬ್ಬರೂ ಕಣ್ಣೀರು ಸುರಿಸಿ ಒಂದಾಗುತ್ತೇವೆ ಎಂದುಕೊಂಡು ಯಾರೂ ಓದುವುದು ಬೇಡ.

ಅವರು ಇಳಕಲ್ಲಿನ ನಮ್ಮ ಹೈಸ್ಕೂಲಿನ ಪಿ.ಟಿ. ಮಾಸ್ತರರು. ನನಗೆ ಅಂಬೆಗಾಲಿಡುವ ವಯಸ್ಸಿನಲ್ಲೇ ಪೋಲಿಯೊ ಆಗಿ ಎಡಗಾಲು ಸೊರಗಿಹೋಗಿತ್ತು. ತೊಡೆಯಿಂದ ಪಾದದವರೆಗೆ ಕಬ್ಬಿಣದ ಪಟ್ಟಿಯ ಕ್ಯಾಲಿಪರ್ ಬಿಗಿದುಕೊಂಡು, ಕಂಕುಳಲ್ಲಿ ಬಡಿಗೆ ಇಟ್ಟುಕೊಂಡು ಶಾಲೆಗೆ ಹೋಗುತ್ತಿದ್ದೆ. ಪಿ.ಟಿ. ಪಿರಿಯಡ್ಡಿನ ಗಂಟೆ ಬಾರಿಸಿದ ಕೂಡಲೇ ಹುಡುಗಿಯರೆಲ್ಲ ಚಪ್ಪಲಿ ಕಳಚಿ, ವೇಲ್ ಬಿಚ್ಚಿ ಬೇವಿನ ಗಿಡದ ಬುಡಕ್ಕೆ ಒಗೆದು ಮೈದಾನಕ್ಕೆ ಓಡುತ್ತಿದ್ದರು. ಆ ಚಪ್ಪಲಿ, ವೇಲುಗಳನ್ನು ಕಾಯುವುದು ನನ್ನ ಪಾಲಿಗೆ ಬಂದ ವ್ಯಾಯಾಮ ಶಿಕ್ಷಣ. ನಾಯಿ ಬಂದರೆ ಬಡಿಗೆ ಎತ್ತಬೇಕು. ಅಷ್ಟೇ.

ಆದರೆ ನನ್ನ ತೋಳುಗಳಲ್ಲಿ ಬಲವಿತ್ತು. ಮೈಯ ಭಾರವನ್ನೆಲ್ಲ ಬಡಿಗೆಯ ಮೇಲೆ ಹೊತ್ತು ಹೊತ್ತು ಅವು ಗಂಡಸರ ತೋಳಿನ ಹಾಗೆ ಗಟ್ಟಿಯಾಗಿದ್ದವು. ನಮ್ಮಪ್ಪ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲಿಗೆ ಪಾಲಿಶ್ ಹಾಕುತ್ತಿದ್ದ. ಅವನು ತಂದುಕೊಟ್ಟ ರಬ್ಬರ್ ಚೆಂಡನ್ನು ಹಿತ್ತಲಿನ ಗೋಡೆಗೆ ಎಸೆದು ಹಿಡಿದು, ಎಸೆದು ಹಿಡಿದು, ಸಂಜೆಗಳನ್ನು ಕಳೆಯುತ್ತಿದ್ದೆ. ಹುಡುಗಿಯರು ಥ್ರೋಬಾಲ್ ಆಡುವಾಗ ಯಾರ ಸರ್ವಿಸು ನೆಟ್ಟಿಗೆ ಬಡಿಯುತ್ತದೆ, ಯಾರದು ದಾಟುತ್ತದೆ ಎಂಬುದನ್ನು ಗಿಡದ ಬುಡದಿಂದಲೇ ಹೇಳುತ್ತಿದ್ದೆ.

ಒಂಬತ್ತನೆಯ ತರಗತಿಯಲ್ಲಿ ಒಂದು ದಿನ ತಡೆಯಲಾರದೆ ಗೆಳತಿಯರನ್ನು ಕೇಳಿದೆ. ಅವರು ಚೆಂಡು ಕೊಟ್ಟರು. ಹಿಂದಿನ ಗೆರೆಯ ಮೇಲೆ ಬಡಿಗೆ ಊರಿ ನಿಂತು, ಒಂದೇ ಕೈಯಲ್ಲಿ ಸರ್ವಿಸು ಹಾಕಿದೆ. ಚೆಂಡು ನೆಟ್ಟಿನ ಮೇಲೆ ಹಾರಿ ಆಚೆ ಮೂಲೆಗೆ ಬಿತ್ತು. ಯಾರೂ ಹಿಡಿಯಲಿಲ್ಲ. ಹುಡುಗಿಯರು ಹೋ ಎಂದರು. ಚೆಂಡು ತಿರುಗಿ ನನ್ನ ಕೈಗೆ ಬಂತು. ಇನ್ನೊಂದು ಹಾಕಬೇಕು, ಅಷ್ಟರಲ್ಲಿ ಮಾಸ್ತರರು ಬಂದು ಅದನ್ನು ಕಸಿದುಕೊಂಡರು.

"ಯಾರು ಕೊಟ್ಟರು ಇಕಿ ಕೈಯಾಗ ಬಾಲ್?"

"ಸರ್ರ, ನಾ ಓಡಂಗಿಲ್ರಿ. ಇಲ್ಲೇ ನಿಂತು ಬರೇ ಸರ್ವಿಸ್ ಹಾಕ್ತೇನ್ರಿ," ಎಂದೆ.

"ಏ ಕುಂಟೀ, ನೀ ಬಿದ್ದು ಹಲ್ಲ ಮುರಕೊಂಡ್ರ ನಿಮ್ಮಪ್ಪ ಬಂದು ನನ್ನ ಕುತ್ತಿಗಿ ಹಿಡೀತಾನ. ಆಟ ನಿನ್ನಂಥಾಕಿಗೆ ಅಲ್ಲ. ನಡಿ, ಚಪ್ಪಲಿ ಕಾಯಿ."

ಹುಡುಗಿಯರು ನಕ್ಕರು. ಹೋ ಎಂದಿದ್ದವರೇ ನಕ್ಕರು. ಮನೆಗೆ ಬಂದು ಅವ್ವನಿಗೆ ಹೇಳಿದರೆ ಅವಳೂ, "ಖರೆ ಅಂದಾರ ಬಿಡು. ಬಿದ್ದಿದ್ರ ಏನ್ ಗತಿ?" ಎಂದಳು. ಅವತ್ತಿನಿಂದ ಹಿತ್ತಲಿನ ಗೋಡೆಗೂ ಚೆಂಡು ಎಸೆಯುವುದನ್ನು ಬಿಟ್ಟೆ. ಆ ಒಂದು ಮಾತನ್ನು ಎಷ್ಟು ವರ್ಷ ಹೊತ್ತು ತಿರುಗಿದೆನೆಂದರೆ, ಕೆಲವೊಮ್ಮೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಾಗ ಯಾರೋ ಕಿವಿಯಲ್ಲಿ ಹೇಳಿದ ಹಾಗೆ ಅದು ಕೇಳಿಸಿ, ತಿರುಗಿ ನೋಡುತ್ತಿದ್ದೆ.

ಓದು ಮುಗಿಸಿದೆ. ಹುನಗುಂದದಲ್ಲಿ ಒಂದು ಆಫೀಸಿನಲ್ಲಿ ನೌಕರಿ ಸಿಕ್ಕಿತು. ಪಕ್ಕಗಾಲಿ ಹಚ್ಚಿದ ಸ್ಕೂಟಿ ತಗೊಂಡು ಇಳಕಲ್ಲಿನಿಂದ ದಿನಾ ಓಡಾಡಿದೆ. ಮೂವತ್ತೈದು ದಾಟುವ ಹೊತ್ತಿಗೆ ಮೈ ಭಾರವಾಯಿತು, ಭುಜ ನೋಯತೊಡಗಿತು. ದವಾಖಾನೆಯಲ್ಲಿ ವ್ಯಾಯಾಮ ಮಾಡಬೇಕು ಎಂದರು. ಯಾವುದು, ಹೇಗೆ ಎಂದು ಕೇಳಿದರೆ ಡಾಕ್ಟರು ನನ್ನ ಕಾಲು ನೋಡಿದರು, ಗಡಿಯಾರ ನೋಡಿದರು, "ಆದಷ್ಟು ವಾಕಿಂಗ್ ಮಾಡ್ರಿ" ಎಂದರು. ಆಫೀಸಿನಲ್ಲೂ ಅದೇ ಸಲಹೆ. ವಾಕಿಂಗ್ ಮಾಡಲು ಹೇಳುವಾಗ ಒಬ್ಬರಿಗಾದರೂ ನಾಲಿಗೆ ತಡವರಿಸಬೇಕಲ್ಲ? ಇಲ್ಲ.

ಆಟದ ವಿಷಯ ಮತ್ತೆ ನನ್ನ ಬದುಕಿಗೆ ಬಂದದ್ದು ಬಾಗಲಕೋಟೆಯಲ್ಲಿ. ಅಂಗವಿಕಲರ ದಿನಾಚರಣೆಗೆಂದು ಯಾವುದೋ ಸಂಘದವರು ನಮ್ಮನ್ನೆಲ್ಲ ಕರೆದಿದ್ದರು. ಭಾಷಣ ಆಯಿತು, ಹಾರ ಆಯಿತು. ಆಮೇಲೆ ಕ್ರೀಡೆ ಎಂದರು. ಕ್ರೀಡೆಯೆಂದರೆ ಸಂಗೀತ ಕುರ್ಚಿ! ಕಾಲಿಲ್ಲದವರನ್ನು ಕುರ್ಚಿಯ ಸುತ್ತ ಓಡಿಸುವ ಬುದ್ಧಿ ಯಾರಿಗೆ ಬಂತೋ. ಹಾಡು ಹಾಕಿದರು. ಬಡಿಗೆಯವರು, ತೆವಳುವವರು, ಒಬ್ಬರ ಹೆಗಲು ಹಿಡಿದು ಇನ್ನೊಬ್ಬರು, ಧೂಳಿನಲ್ಲಿ ತಿರುಗಿದರು. ಮೈಕಿನವನು, "ನೋಡ್ರಿ, ದೇವರ ಮಕ್ಕಳು ಹೆಂಗ ಓಡಾಕತ್ತಾರ!" ಎಂದು ಕೂಗಿದ. ಜನ ಫೋನು ಎತ್ತಿ ಚಿತ್ರ ತೆಗೆದರು.

ಒಬ್ಬ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಜೈಪುರ ಕಾಲು ಎಂಬ ಕೃತಕ ಕಾಲು ಹಾಕಿಕೊಂಡಿದ್ದ, ನನಗಿಂತ ಹತ್ತು ವರ್ಷ ಸಣ್ಣವನು. ಹಾಡು ಶುರುವಾದರೂ ಕೈಕಟ್ಟಿ ಕುಳಿತೇ ಇದ್ದ.

"ಏಳ್ರಿ, ಏಳ್ರಿ," ಎಂದು ಮೈಕಿನವನು ಕರೆದ.

"ಯಾಕ್ ಏಳ್ಲಿ? ಕಡೀಕ ಕುರ್ಚಿ ಮ್ಯಾಲೆ ಇದ್ದಾಂವ ಗೆದ್ದಂಗಲ್ಲ? ನಾ ಸುರುವಿನಿಂದ ಕುಂತೇನಿ. ಗೆದ್ದೇನಿ ಅಂತ ಬರಕೊಳ್ರಿ."

ನನಗೆ ನಗು ತಡೆಯಲಾಗಲಿಲ್ಲ. ಹೊರಗೆ ಚಹಾದ ಅಂಗಡಿಯಲ್ಲಿ ಅವನ ಪರಿಚಯವಾಯಿತು. ಬಾದಾಮಿ ಸ್ಟೇಶನ್ ಹಾದಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಕಬ್ಬಿನ ಟ್ರ್ಯಾಕ್ಟರಿನ ಟ್ರೇಲರಿಗೆ ಸಿಕ್ಕಿದ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದ್ದರಂತೆ. ಅದಕ್ಕೆ ಮೊದಲು ವಾಲಿಬಾಲ್ ಆಡುತ್ತಿದ್ದನಂತೆ. ಫೋನು ತೆಗೆದು ಒಂದು ಆಟ ತೋರಿಸಿದ. ನೆಟ್ಟು ಸೊಂಟದೆತ್ತರಕ್ಕಿಂತ ತುಸು ಮೇಲೆ. ಆಟಗಾರರೆಲ್ಲ ನೆಲದ ಮೇಲೆ ಕುಳಿತಿದ್ದಾರೆ. ಕೈಯೂರಿ ಜಾರುತ್ತಾರೆ, ಚೆಂಡು ಹೊಡೆಯುತ್ತಾರೆ, ಕೈಯೂರಿ ಮತ್ತೆ ಜಾರುತ್ತಾರೆ. ಮುಖ್ಯ ನಿಯಮ ಒಂದೇ: ಚೆಂಡು ಮುಟ್ಟುವಾಗ ಕುಂಡಿ ನೆಲ ಬಿಡಬಾರದು. ಬಿಟ್ಟರೆ ಪಾಯಿಂಟು ಎದುರಿನವರಿಗೆ.

"ಅಕ್ಕಾರ, ನಿಮ್ಮ ತೋಳ ನೋಡೇ ಕೇಳಾಕತ್ತೇನಿ. ಬರ್ತೀರೇನು?" ಎಂದ.

ಹೂಂ ಎಂದೆ.

ಮಂದಿ ಕೂಡಿಸುವುದೇನೂ ಕಷ್ಟವಾಗಲಿಲ್ಲ, ಜಾಗ ಹುಡುಕುವುದು ಕಷ್ಟವಾಯಿತು. ಮೊದಲು ಹುನಗುಂದದಲ್ಲಿ ಒಂದು ಮೈದಾನದ ಮೂಲೆಗೆ ನೆಟ್ಟು ಕಟ್ಟಿದೆವು. ಅಲ್ಲಿನ ಹರಳು ನೆಲ ನಮ್ಮ ಬಟ್ಟೆಯನ್ನೂ ಚರ್ಮವನ್ನೂ ತಿಂದಿತು. ಕ್ರಿಕೆಟ್ ಹುಡುಗರು ಬೇಕೆಂದೇ ನಮ್ಮ ನಡುವೆ ಚೆಂಡು ಹೊಡೆದು, "ಸಾರಿ ಆಂಟಿ" ಎನ್ನುತ್ತ ಬೂಟುಗಾಲಿನಲ್ಲಿ ನುಗ್ಗುತ್ತಿದ್ದರು. ಮುಂಜಾನೆ ವಾಕಿಂಗಿಗೆ ಬರುವ ಹಿರಿಯರೊಬ್ಬರು ನಿಂತು ನೋಡಿ, "ಇವರು ಹಿಂಗ ಮಣ್ಣಾಗ ಹೊರಳ್ಯಾಡೂದು ನೋಡಾಕ ಆಗಂಗಿಲ್ಲ. ಮನ್ಯಾಗ ಕುಂತು ಪಗಡಿ ಆಡಬಾರದೇನು?" ಎಂದರು. ನಮಗೆ ಹೇಳಲಿಲ್ಲ, ಪಕ್ಕದಲ್ಲಿದ್ದವರಿಗೆ ಹೇಳಿದರು. ನಾವು ಕೇಳಿಸಿಕೊಳ್ಳುವವರಲ್ಲ ಎಂಬಂತೆ.

"ನೋಡಾಕ ಆಗ್ಲಿಲ್ಲಂದ್ರ ಆ ಕಡೆ ಮಾರಿ ಮಾಡಿ ಅಡ್ಡಾಡ್ರಿ!" ಎಂದು ನಾನು ನೆಲದಿಂದಲೇ ಕೂಗಿದೆ. ಆ ವಾರವೇ ಮೈದಾನ ಖಾಲಿ ಮಾಡಿ ಎಂದರು.

ಕೊನೆಗೆ ಇಳಕಲ್ಲಿನಲ್ಲಿ ಒಂದು ಮಂಗಲ ಕಾರ್ಯಾಲಯ ಸಿಕ್ಕಿತು. ಲಗ್ನಗಳಿಲ್ಲದ ಆದಿತ್ಯವಾರಗಳಲ್ಲಿ ಮುಂಜಾನೆ ಆಡಿಕೊಳ್ಳಿ, ಆಡಿದ ಮೇಲೆ ನೀವೇ ನೆಲ ಒರೆಸಿ ಎಂದು ಮಾಲೀಕರು ಒಪ್ಪಿದರು. ಕೆಂಪು ಗ್ರಾನೈಟಿನ ನುಣುಪು ನೆಲ. ಅಂಥ ನೆಲದ ಮೇಲೆ ಜಾರುವ ಸುಖವನ್ನು ಕಾಲಿದ್ದವರಿಗೆ ಹೇಗೆ ಹೇಳುವುದು? ನಾನು ಕ್ಯಾಲಿಪರ್ ಬಿಚ್ಚಿ ಗೋಡೆಗೆ ಒರಗಿಸುತ್ತಿದ್ದೆ. ಅದರ ಪಕ್ಕ ಮೊಬೈಲಿನವನ ಕಾಲು, ಅದರ ಪಕ್ಕ ಉಳಿದವರ ಬಡಿಗೆಗಳು. ಶಿರೂರಿನಿಂದ ಬರುತ್ತಿದ್ದ ಒಬ್ಬ ಹೆಣ್ಣುಮಗಳಿಗೆ ಹುಟ್ಟಿನಿಂದಲೇ ಎರಡೂ ಕಾಲು ಸಣ್ಣ. ನೆಲದ ಮೇಲೆ ಮಾತ್ರ ಅವಳನ್ನು ಹಿಡಿಯುವವರಿರಲಿಲ್ಲ. ಊರಿನಲ್ಲಿ ಎಲ್ಲರೂ ನೋಡಿ ಮುಖ ತಿರುಗಿಸುತ್ತಿದ್ದ ಅವಳ ತೆವಳಿಕೆ ಇಲ್ಲಿ ನಮ್ಮೆಲ್ಲರಿಗೂ ಹೊಟ್ಟೆಕಿಚ್ಚಿನ ವಿಷಯವಾಗಿತ್ತು.

ಹೀಗೆ ಒಂದು ಮಳೆಗಾಲ ಆಡಿಯಾದ ಮೇಲೆ, ಒಂದು ಆದಿತ್ಯವಾರ ಕಾರ್ಯಾಲಯದ ಬಾಗಿಲಿಗೆ ಆಟೊ ಬಂದು ನಿಂತಿತು. ವಯಸ್ಸಾದ ಹೆಂಗಸೊಬ್ಬರು ಇಳಿದು, ಒಳಗಿದ್ದ ಮುದುಕರೊಬ್ಬರ ತೋಳು ಹಿಡಿದು ಇಳಿಸಿದರು. ಬಲಗೈ ಮಡಚಿ ಎದೆಗೆ ಅಂಟಿಕೊಂಡಿತ್ತು. ಬಲಗಾಲು ನೆಲದ ಮೇಲೆ ಅರ್ಧಚಂದ್ರ ಬರೆಯುತ್ತ ಬರುತ್ತಿತ್ತು. ಬಾಯಿ ಒಂದು ಕಡೆಗೆ ಜಗ್ಗಿತ್ತು. ಆದರೂ ಕಣ್ಣು ಅವೇ. ನಾನು ಕೈಯಲ್ಲಿದ್ದ ಚೆಂಡನ್ನು ಬಿಗಿಯಾಗಿ ಹಿಡಿದುಕೊಂಡೆ.

"ಲಕ್ವಾ ಹೊಡದದ್ರೀ," ಎಂದು ಅವರ ಹೆಂಡತಿ ಮೊಬೈಲಿನವನಿಗೆ ಹೇಳಿದರು. "ಮನ್ಯಾಗ ಸುಮ್ಮ ಕುಂತ್ರ ಎಲ್ಲಾರ ಮ್ಯಾಲೂ ಹಾರಿ ಬೀಳ್ತಾರ. ಮೊದಲ ಪಿ.ಟಿ. ಮಾಸ್ತರ ಇದ್ರು. ಇಲ್ಲಿ ಏನೋ ಆಟ ಆಡಸ್ತೀರಂತಲ್ಲ, ಇವರ್ನೂ ಸೇರಿಸಿಕೊಳ್ರಿ."

ಮೊಬೈಲಿನವನು ಖುಷಿಯಾದ. ನೆಲದ ಮೇಲೆ ಜಾಗ ಮಾಡಿಕೊಟ್ಟ. ಮಾಸ್ತರರು ಅತ್ತಿತ್ತ ನೋಡಿ, ದಪ್ಪ ನಾಲಿಗೆಯಲ್ಲಿ, "ನಾ ನೆಲಕ್ಕ ಕುಂಡ್ರೂದಿಲ್ಲ" ಎಂದರು.

"ಹಂಗಾರ ಅಲ್ಲಿ ಕುರ್ಚಿ ಮ್ಯಾಲೆ ಕುಂಡ್ರ್ರಿ," ಎಂದೆ ನಾನು. "ಇಳ್ಯಾಕ ಹೋಗಿ ಬಿದ್ದು ಹಲ್ಲ ಮುರಕೊಂಡ್ರ ನಮ್ಮ ಕುತ್ತಿಗಿಗೆ ಬರ್ತದ."

ನನ್ನ ಮಾತಿಗೆ ಅವರ ಮುಖದಲ್ಲಿ ಏನಾದರೂ ಕದಲುತ್ತದೆಯೇ ಎಂದು ನೋಡಿದೆ. ಏನೂ ಇಲ್ಲ. ಕುರ್ಚಿಯ ಕಡೆಗೆ ಹೋಗಿ ಕುಳಿತರು. ಆ ವಾಕ್ಯವನ್ನು ಅವರಿಗೆ ತಿರುಗಿ ಒಪ್ಪಿಸುವ ದಿನಕ್ಕೆ ನಾನು ಇಷ್ಟು ವರ್ಷ ಕಾದಿದ್ದೆ. ಅದು ಗೋಡೆಗೆ ಬಡಿದ ಹಾಗೂ ಆಗಲಿಲ್ಲ.

ಆಟ ಮುಗಿದ ಮೇಲೆ ಮೊಬೈಲಿನವನಿಗೆ ಎಲ್ಲ ಹೇಳಿದೆ. "ಇವರು ನಮಗ ಬ್ಯಾಡ," ಎಂದೆ.

"ಅಕ್ಕಾರ, ಇಲ್ಲಿಂದ ಒಬ್ಬರ್ನ ಹೊರಗ ಹಾಕೂದಂದ್ರ ಹೆಂಗ್ರಿ? ನಮ್ಮನ್ನ ಎಲ್ಲಾ ಕಡೆಯಿಂದ ಹಾಕ್ಯಾರಂತನs ಇಲ್ಲಿ ಬಂದೇವಿ."

"ನಿನಗೇನ್ ಗೊತ್ತು? ನೀ ಕಾಲಿದ್ದಾಗ ಬೇಕಾದಷ್ಟು ಆಡೀದಿ."

ಅವನು ಬಗ್ಗಿ ತನ್ನ ಕಾಲಿನ ಪಟ್ಟಿ ಬಿಗಿಯತೊಡಗಿದ. ನಾನು ಆಡಿದ್ದು ಒರಟು ಮಾತೇ. ಹಿಂದಕ್ಕೆ ತಗೊಳ್ಳಲಿಲ್ಲ.

ಮಾಸ್ತರರು ಎರಡು ವಾರ ಕುರ್ಚಿಯ ಮೇಲೆ ಸುಮ್ಮನೆ ಕುಳಿತು ನೋಡಿದರು. ಆಮೇಲೆ ಕಿಸೆಯಿಂದ ಪೀಪಿ ತೆಗೆದು ಊದಲು ನೋಡಿದರು. ಜಗ್ಗಿದ ಬಾಯಿಯ ಪಕ್ಕದಿಂದ ಗಾಳಿಯೆಲ್ಲ ಸೋರಿಹೋಯಿತು. ಪುಸ್ ಎಂದಿತು, ಅಷ್ಟೇ. ನಾನು ನಕ್ಕೆ, ಅವರಿಗೆ ಕೇಳಿಸುವ ಹಾಗೆ. ಅವರು ಪೀಪಿಯನ್ನು ಕಿಸೆಗೆ ಹಾಕಿ, ಕೋಲಿನಿಂದ ನೆಲಕ್ಕೆ ಫಟ್ ಎಂದು ಬಡಿದರು.

"ಏನ್ ಆಟ ಇದು? ಸಂತ್ಯಾಗ ಕಾಯಿಪಲ್ಲೆ ಮಾರಾವ್ರಂಗ ಕುಂತೀರಿ! ಚೆಂಡ ನಿಮ್ಮ ಕಡೆ ಬರೂತನಕ ಕಾಯ್ತೀರಿ. ಚೆಂಡ ಬರೂಕಿಂತ ಮೊದಲ ಜಾಗಾಕ್ಕ ಹೋಗ್ರಿ. ಏ ಶಿರೂರ, ಕೈ ಎಲ್ಲಿ ಇಟ್ಟಿ? ಮಬ್ಬ!"

ಶಿರೂರಿನವಳ ಮುಖ ಕೆಂಪಾಯಿತು. ನಾನು ಮಾಸ್ತರರ ಮೇಲೆ ಏರಿಹೋಗಲು ಬಾಯಿ ತೆರೆದೆ. ಅವಳು ನನ್ನ ತೋಳು ಹಿಡಿದಳು.

"ಬಿಡ ಅಕ್ಕಾ, ಬೈಲಿ. ನನಗ ಯಾರೂ ಬೈದಿಲ್ಲ. ಏನ್ ಮಾಡಿದ್ರೂ ಅಯ್ಯೋ ಪಾಪ ಅಂತಾರ. ಮಬ್ಬ ಅಂತ ಅನ್ನಿಸಿಕೊಂಡಿದ್ದು ಇವತ್ತs."

ಅಂದಿನಿಂದ ಅವರ ಕೋಲಿನ ಸದ್ದಿಗೆ ನಮ್ಮ ಆಟ ನಡೆಯತೊಡಗಿತು. ಎಡಗೈ ಎಲ್ಲಿ ಊರಬೇಕು, ಹಿಂದಕ್ಕೆ ಜಾರುವಾಗ ಹೊಟ್ಟೆ ಹೇಗೆ ಬಿಗಿಹಿಡಿಯಬೇಕು, ಚೆಂಡು ನೋಡಬೇಕೋ ಎದುರಿನವನ ಭುಜ ನೋಡಬೇಕೋ, ಎಲ್ಲ ಬೈಗುಳದಲ್ಲೇ ಹೇಳುತ್ತಿದ್ದರು. ನಮ್ಮ ಆಟ ಸುಧಾರಿಸಿತು. ಇದನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೆ ಸುಧಾರಿಸಿತು. ನಾನು ಮಾತ್ರ ಅವರು ಏನು ಹೇಳಿದರೂ ಅದರ ವಿರುದ್ಧ ಮಾಡುತ್ತಿದ್ದೆ. ಎಡಕ್ಕೆ ಎಂದರೆ ಬಲಕ್ಕೆ. ಚೆಂಡು ತಪ್ಪಿದರೂ ಸರಿ, ಅವರ ಮಾತು ಕೇಳಿ ಗೆಲ್ಲುವುದು ನನಗೆ ಬೇಕಿರಲಿಲ್ಲ.

"ಈ ಆಫೀಸಿನಾಕಿ ಕಿವುಡಿ ಏನು?" ಎಂದು ಅವರು ಮೊಬೈಲಿನವನನ್ನು ಕೇಳಿದರಂತೆ.

ಚಳಿಗಾಲದಲ್ಲಿ ಬಾಗಲಕೋಟೆಯ ಒಂದು ಕಾಲೇಜಿನಿಂದ ಕರೆ ಬಂತು. ಅಲ್ಲಿನ ವಾಲಿಬಾಲ್ ಹುಡುಗರು ನಮ್ಮೊಡನೆ ಕುಳಿತು ಆಡುತ್ತಾರೆ, ಒಳಾಂಗಣ ಅಂಕಣವಿದೆ, ಬನ್ನಿ ಎಂದರು. ಕ್ರೂಸರ್ ಗಾಡಿ ಮಾಡಿಕೊಂಡು ಹೋದೆವು. ಮಾಸ್ತರರೂ ಅವರ ಹೆಂಡತಿಯೂ ಮುಂದಿನ ಸೀಟಿನಲ್ಲಿ, ನಾನು ಆದಷ್ಟು ಹಿಂದೆ.

ನಮ್ಮನ್ನು ನೋಡಲು ಕಾಲೇಜೇ ಕೂಡಿತ್ತು. ನಾವು ತೆವಳಿ ಅಂಕಣಕ್ಕೆ ಇಳಿದ ಕೂಡಲೇ ಚಪ್ಪಾಳೆ. ಚೆಂಡು ಹೊಡೆದರೆ ಚಪ್ಪಾಳೆ, ಬಿಟ್ಟರೂ ಚಪ್ಪಾಳೆ. ನಾನು ಒಂದು ಸರ್ವಿಸನ್ನು ನೆಟ್ಟಿಗೆ ಹೊಡೆದೆ, ಅದಕ್ಕೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಮೈ ಉರಿಯಿತು. ಎದುರಿನ ಹುಡುಗರು ಕುಳಿತು ಒದ್ದಾಡುತ್ತಿದ್ದರು. ಅವರ ಉದ್ದ ಕಾಲುಗಳು ಅವರಿಗೇ ಅಡ್ಡ ಬರುತ್ತಿದ್ದವು. ಮೊದಲ ಸೆಟ್ಟು ನಮ್ಮದಾಯಿತು. ಆದರೆ ಗೆದ್ದ ಹಾಗೆ ಅನ್ನಿಸಲಿಲ್ಲ, ಯಾಕೆಂದರೆ ಹುಡುಗರು ನಗುತ್ತಲೇ ಸೋತಿದ್ದರು.

ಎರಡನೆಯ ಸೆಟ್ಟಿನಲ್ಲಿ ಮೊಬೈಲಿನವನು ಹೊಡೆದ ಚೆಂಡು ಗೆರೆಯಿಂದ ಒಂದು ಗೇಣು ಆಚೆ ಬಿತ್ತು. ಅಂಪೈರ್ ಆಗಿ ನಿಂತಿದ್ದ ಕಾಲೇಜಿನ ಕ್ರೀಡಾ ಶಿಕ್ಷಕ ಪಾಯಿಂಟನ್ನು ನಮಗೇ ಕೊಟ್ಟ. ಎದುರಿನವರೂ ತಕರಾರು ಮಾಡಲಿಲ್ಲ. ಆಗ ಫಟ್ ಎಂದು ಕೋಲು ಬಡಿಯಿತು.

"ಔಟ್! ಔಟ್ ಅದು! ಕಣ್ಣ ಎಲ್ಲಿಟ್ಟಿ? ನಮ್ಮವ್ರಿಗೆ ಯಾಕ ಕೊಡ್ತಿ?"

ಅಂಪೈರ್ ನಗುತ್ತ, "ಇರ್ಲಿ ಬಿಡ್ರಿ ಸರ್, ಖುಷಿಗೆ ಆಡೂದಲ್ಲ" ಎಂದ.

"ಖುಷಿಗೆ ಆಡೂದಾದ್ರ ನೀ ಪೀಪಿ ಹಿಡಕೊಂಡು ಯಾಕ ನಿಂತಿ? ಆಚೆ ಇಡು ಅದನ್ನ. ಪಾಯಿಂಟ್ ಆ ಹುಡುಗರಿಗೆ ಕೊಡು."

ಕೊಡಬೇಕಾಯಿತು. ಅಲ್ಲಿಂದ ಹುಡುಗರ ಮುಖದ ನಗು ಹೋಯಿತು. ಚಪ್ಪಾಳೆಯೂ ಕಡಿಮೆಯಾಯಿತು. ಅವರು ಹಲ್ಲು ಕಚ್ಚಿ ಆಡತೊಡಗಿದರು, ನಾವೂ. ಆ ಸೆಟ್ಟು ಅವರದಾಯಿತು. ಕೊನೆಯ ಸೆಟ್ಟಿನಲ್ಲಿ ಬೆವರು ಕಣ್ಣಿಗೆ ಇಳಿಯುತ್ತಿತ್ತು, ಅಂಗೈ ಜಾರುತ್ತಿತ್ತು. ಎರಡೂ ಕಡೆ ಸಮಸಮ. ನೆಟ್ಟಿನ ಹತ್ತಿರ ಚೆಂಡು ಎದ್ದು ನನ್ನ ಮೇಲೆ ಬಂತು. ಇಂಥ ಚೆಂಡು ಬದುಕಿನಲ್ಲಿ ಒಮ್ಮೆ ಬರುತ್ತದೆ. ಬಲಗೈ ಬೀಸಿ ಹೊಡೆದೆ. ಇಬ್ಬರು ಹುಡುಗರ ನಡುವೆ ಗುಂಡಿನ ಹಾಗೆ ಹೋಯಿತು. ನಮ್ಮವರು ಕೇಕೆ ಹಾಕಿದರು.

ಫಟ್.

"ಎದ್ದಾಳ ಅಕಿ! ನೆಲಾ ಬಿಟ್ಟಾಳ! ಪಾಯಿಂಟ್ ಇಲ್ಲ!"

"ಯಾರ ಎದ್ದಾರ? ನಾ ಎದ್ದಿಲ್ಲ!" ನನ್ನ ದನಿ ಇಡೀ ಹಾಲಿನಲ್ಲಿ ಮೊಳಗಿತು. "ನನ್ನ ಕಾಲ ನೋಡ್ರಿ, ಏಳಾಕ ಬರ್ತದೇನ್ ನನಗ?"

"ಬಲಗಾಲ ಒತ್ತಿ ಎದ್ದಿ. ನಾ ನೋಡೇನಿ."

"ಪಾಪ, ಇರ್ಲಿ ಬಿಡ್ರಿ ಸರ್," ಎಂದ ಅಂಪೈರ್ ಮತ್ತೆ.

"ಪಾಪ ಗೀಪ ಏನಿಲ್ಲ!" ಎಂದರು ಮಾಸ್ತರರು. ವಿಚಿತ್ರವೆಂದರೆ ಅದೇ ಗಳಿಗೆಗೆ ಅದೇ ಮಾತು ನನ್ನ ಬಾಯಿಂದಲೂ ಬಂತು. ಅದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು.

ಹಿಂದಿನ ಸಾಲಿನಿಂದ ಶಿರೂರಿನವಳು ಸಣ್ಣ ದನಿಯಲ್ಲಿ, "ಎದ್ದಿದ್ದಿ ಅಕ್ಕಾ. ನನಗೂ ಕಾಣಿಸ್ತು" ಎಂದಳು.

ಪಾಯಿಂಟು ಹೋಯಿತು. ಅದರ ಹಿಂದೆಯೇ ಸೆಟ್ಟು, ಸೆಟ್ಟಿನ ಹಿಂದೆ ಪಂದ್ಯ. ಗೆದ್ದ ಹುಡುಗರು ನೆಟ್ಟಿನ ಕೆಳಗೆ ತೆವಳಿ ಬಂದು ಕೈ ಕೊಟ್ಟರು. ಒಬ್ಬ, "ಮತ್ತೊಮ್ಮೆ ಆಡೂಣ್ರಿ, ಖರೇನ ಆಡೂಣು" ಎಂದ. ನಾನು ಅವನ ಕೈ ಹಿಡಿದೆನೋ ಇಲ್ಲವೋ ನೆನಪಿಲ್ಲ.

ಗೆದ್ದರೂ ಸೋತರೂ ಬಾದಾಮಿ ಹತ್ತಿರದ ಮಹಾಕೂಟದ ಗುಡಿಗೆ ಹೋಗಿ ಹೊಂಡದಲ್ಲಿ ಈಸುವುದು ಎಂದು ಮೊದಲೇ ಮಾತಾಗಿತ್ತು. ಮಹಾಕೂಟ ಮುಟ್ಟಿದ ಮೇಲೆ ಮೊಬೈಲಿನವನು ಕಾಲು ಬಿಚ್ಚಿ ಮೆಟ್ಟಿಲ ಮೇಲಿಟ್ಟು ತಿಳಿನೀರಿಗೆ ದುಮುಕಿದ. ಪರವೂರಿನ ಭಕ್ತರೊಬ್ಬರು ಆ ಕಾಲನ್ನು ನೋಡಿ, "ಇದನ್ನ ಇಲ್ಲ್ಯಾಕ ಇಟ್ಟೀರಿ, ಮಕ್ಕಳು ಹೆದರ್ತಾವು" ಎಂದರು. ಶಿರೂರಿನವಳು ಅದನ್ನು ಮಡಿಲಿಗೆ ಎಳೆದುಕೊಂಡು, ಅವರು ಹೋಗುವತನಕ ಅವರನ್ನೇ ದಿಟ್ಟಿಸಿದಳು.

ಮಾಸ್ತರರು ಮೇಲಿನ ಮೆಟ್ಟಿಲ ಮೇಲೆ ಒಬ್ಬರೇ ಕುಳಿತಿದ್ದರು. ನಾನು ಹೋಗಿ ಒಂದು ಮಾರು ದೂರದಲ್ಲಿ ಕುಳಿತೆ.

"ಮಾಸ್ತರ್ರ, ನನ್ನ ಗುರ್ತ ಸಿಕ್ಕದೇನ್ರಿ ನಿಮಗ?"

"ಹುನಗುಂದದಾಗ ಆಫೀಸಿನ್ಯಾಗ ಇರ್ತಿ."

"ಅದಲ್ರಿ. ನಾ ನಿಮ್ಮ ಸಾಲ್ಯಾಗ ಕಲತಾಕಿ." ಬೇವಿನ ಗಿಡ, ಚಪ್ಪಲಿ, ಸರ್ವಿಸು, ಎಲ್ಲ ಹೇಳಿದೆ.

"ನೆನಪಿಲ್ಲ," ಎಂದರು.

"ಹೆಂಗ ನೆನಪಿಲ್ರಿ? ಕುಂಟರು ಭಾಳ ಮಂದಿ ಇದ್ರೇನು?"

"ಇದ್ರು. ವರ್ಷಾ ಒಬ್ಬರೋ ಇಬ್ಬರೋ ಇರ್ತಿದ್ರು. ಎಲ್ಲಾರನ್ನೂ ಗಿಡದ ಬುಡಕ್ಕ ಕುಂಡ್ರಸ್ತಿದ್ದೆ."

ಆ ಅವಮಾನ ನನ್ನೊಬ್ಬಳದು ಎಂದು ಇಷ್ಟು ವರ್ಷ ತಿಳಿದಿದ್ದೆ. ನನಗಿಂತ ಮೊದಲು ಎಷ್ಟು ಮಂದಿ, ನನ್ನ ನಂತರ ಎಷ್ಟು ಮಂದಿ ಅದೇ ಬುಡದಲ್ಲಿ ಕುಳಿತಿದ್ದರು! ಅವರೆಲ್ಲ ಈಗ ಎಲ್ಲಿದ್ದಾರೆ?

"ಅವರಿಗೆ ಏನ್ ಆಡಸಬೇಕಂತ ನನಗ ಯಾರೂ ಕಲಿಸಿರಲಿಲ್ಲ," ಎಂದರು ಅವರು. "ಕಾಲಿದ್ದವರಿಗೆ ಅಷ್ಟs ಕಲಿಸಿದ್ರು."

"ನೀವು ಯಾರನರ ಕೇಳಿದ್ರೇನು?"

"ಇಲ್ಲ." ಜಗ್ಗಿದ ಬಾಯಿಯನ್ನು ಟವೆಲ್ಲಿನಿಂದ ಒರೆಸಿಕೊಂಡರು. "ಕುಂಟಿ ಅಂದಿರಬೇಕು. ಅನ್ನೂ ಮನಶ್ಯಾನ ನಾ. ಈಗೇನ್, ಕ್ಷಮಾ ಕೇಳಬೇಕೇನು?"

"ಬ್ಯಾಡ್ರಿ. ಕೇಳಿದ್ರೂ ನಾ ಮಾಡೂದಿಲ್ಲ."

"ಹಂಗಾರ ಕೇಳೂದಿಲ್ಲ." ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಮತ್ತೆ ಅಂದರು: "ಆದ್ರ ಇವತ್ತ ನೀ ಎದ್ದಿದ್ದಿ."

ನಾನು ಬಡಿಗೆ ಊರಿ ಎದ್ದು ಗಾಡಿಗೆ ಹೋಗಿ ಕುಳಿತೆ. ಈಸಬೇಕೆಂದು ತಂದಿದ್ದ ಬಟ್ಟೆ ಚೀಲದಲ್ಲೇ ಉಳಿಯಿತು.

ಆಮೇಲೂ ಅವರು ಆದಿತ್ಯವಾರಗಳಂದು ಬಂದರು, ನಾನೂ ಹೋದೆ. ಆಟದ ಮಾತು ಬಿಟ್ಟು ಬೇರೆ ಮಾತಿಲ್ಲ. ಬೇಸಿಗೆ ಹತ್ತಿರವಾದಾಗ ಒಂದು ದಿನ ಅವರ ಹೆಂಡತಿ ನನ್ನನ್ನು ಕಂಬದ ಮರೆಗೆ ಕರೆದರು.

"ತಂಗೀ, ಒಂದಿನ ಮನಿಗೆ ಊಟಕ್ಕ ಬಾ. ಅವರು ಬಾಯಿ ಬಿಟ್ಟು ಅನ್ನೂದಿಲ್ಲ, ಆದ್ರ ಒಳಗ ಚುಚ್ಚಾಕತ್ತದ. ಮೊನ್ನೆ ಯಾರಿಗೂ ಹೇಳದs ಆಟೊ ಮಾಡಿಕೊಂಡು ತಾವು ಕಲಿಸಿದ ಸಾಲಿಗೆ ಹೋಗಿದ್ರು. ಈಗೂ ನಿನ್ನಂಥ ಇಬ್ಬರು ಹುಡುಗ್ಯಾರ್ನ ಆಟದ ಪಿರಿಯಡ್ಡಿನ್ಯಾಗ ಕ್ಲಾಸಿನ್ಯಾಗ ಕುಂಡ್ರಸ್ತಾರಂತ. ಅವರಿಗೆ ಈ ಕುಂತು ಆಡೂ ಆಟ ಕಲಿಸ್ರಿ ಅಂದ್ರಂತ. ಈಗಿನ ಪಿ.ಟಿ. ಸರು, ಅಜ್ಜಾರ ನೀವು ಮನಿಗೆ ಹೋಗ್ರಿ, ಅಂತ ಹೊರಗ ಕಳಿಸ್ಯಾರ."

"ಹೋಗಿದ್ದು ಛಲೋ ಆತ್ರಿ ಬಾಯಾರ," ಎಂದೆ. "ಊಟಕ್ಕ ಮಾತ್ರ ಬರೂದಿಲ್ಲ."

ಅವರ ಮುಖ ಸಣ್ಣದಾಯಿತು. ನನಗೆ ಅವರ ಮೇಲೆ ಏನೂ ಸಿಟ್ಟಿರಲಿಲ್ಲ, ಆದರೂ ಮಾತು ಬದಲಿಸಲಿಲ್ಲ.

ಮರುದಿನ ಆಫೀಸಿಗೆ ರಜೆ ಹಾಕಿ ಆ ಶಾಲೆಗೆ ಹೋದೆ. ಹೆಡ್ ಮಾಸ್ತರರ ಕೋಣೆಯ ಮುಂದೆ ಬೆಂಚಿನ ಮೇಲೆ ಮಾಸ್ತರರು ಕೋಲು ಹಿಡಿದು ಕುಳಿತಿದ್ದರು. ನಾನು ಕರೆದಿರಲಿಲ್ಲ, ಅವರು ತಮ್ಮ ಪಾಡಿಗೆ ಮತ್ತೆ ಬಂದಿದ್ದರು. ಒಬ್ಬರನ್ನೊಬ್ಬರು ನೋಡಿದೆವು. ಒಟ್ಟಿಗೇ ಒಳಗೆ ಹೋದೆವು.

ಈಗಿನ ಪಿ.ಟಿ. ಶಿಕ್ಷಕ ಚೆನ್ನಾಗಿ ಇಸ್ತ್ರಿ ಮಾಡಿದ ಟ್ರ್ಯಾಕ್ ಸೂಟಿನಲ್ಲಿದ್ದ. "ಮೇಡಂ, ಆ ಮಕ್ಕಳಿಗೆ ಏನಾರ ಆದ್ರ ಜವಾಬ್ದಾರಿ ಯಾರು?" ಎಂದ.

"ಆ ಮಕ್ಕಳಿಗೆ ಏನೂ ಆಗದಂಗ ಇಟ್ಟೀರಲ್ಲ, ಅದs ಆಗಿದ್ದು," ಎಂದೆ. "ಏನೂ ಆಗಂಗಿಲ್ಲ ಅವಕ್ಕ. ಹತ್ತು ವರ್ಷಾದ್ರೂ ಏನೂ ಆಗಂಗಿಲ್ಲ. ಇಲ್ಲಿಂದ ಹ್ಯಾಂಗ ಬಂದ್ವೋ ಹಂಗs ಹೊರಗ ಹೋಗ್ತಾವು."

"ಬೀಳ್ತಾರ್ರೀ ಮೇಡಂ."

ಮಾಸ್ತರರು ಕೋಲು ಬಡಿದರು. "ಲೇ, ನೆಲದ ಮ್ಯಾಲೆ ಕುಂತಾಕಿ ಎಲ್ಲಿಗೆ ಬೀಳ್ತಾಳ?"

ಅರ್ಧ ಗಂಟೆ ಇಬ್ಬರೂ ಸೇರಿ ಅವನನ್ನು ಅರೆದೆವು. ಒಬ್ಬರು ಉಸಿರು ತಗೊಳ್ಳುವಾಗ ಇನ್ನೊಬ್ಬರು. ಕೊನೆಗೆ ಹೆಡ್ ಮಾಸ್ತರರು ಬೇಸತ್ತು, ಶನಿವಾರದ ಒಂದು ಪಿರಿಯಡ್ಡು ಪ್ರಾರ್ಥನೆಯ ಹಾಲಿನಲ್ಲಿ ಆಡಿಸಿಕೊಳ್ಳಿ, ಬರೀ ಆ ಇಬ್ಬರಿಗೆ ಬೇಡ, ಅವರ ತರಗತಿಯ ಹುಡುಗಿಯರೆಲ್ಲ ಕುಳಿತು ಆಡಲಿ ಎಂದರು. ಪಿ.ಟಿ. ಶಿಕ್ಷಕ ನಮ್ಮಿಬ್ಬರ ಕಡೆಗೂ ವಿಷದಂಥ ನೋಟ ಬೀರಿ ಹೊರಗೆ ಹೋದ.

ಗೇಟಿನ ಹೊರಗೆ ಮಾಸ್ತರರಿಗೆ ಆಟೊ ಸಿಗಲಿಲ್ಲ. ಬಿಸಿಲು ಏರಿತ್ತು. ನನ್ನ ಸ್ಕೂಟಿಯ ಹಿಂದಿನ ಸೀಟು ಖಾಲಿ ಇತ್ತು. ಬರ್ತೀರೇನು ಎಂದು ನಾನು ಕೇಳಲಿಲ್ಲ. ಬಿಡ್ತೀಯೇನು ಎಂದು ಅವರೂ ಕೇಳಲಿಲ್ಲ.

"ಶನಿವಾರ ತಡಾ ಮಾಡಬ್ಯಾಡ," ಎಂದರು ರಸ್ತೆಯನ್ನೇ ನೋಡುತ್ತ.

"ನಿಮಗಿಂತ ಮೊದಲ ಬಂದಿರ್ತೇನಿ," ಎಂದು ಗಾಡಿ ಚಾಲೂ ಮಾಡಿದೆ.